ತೆರೆಯ ಮೇಲೆ ಕಾಕುವಿನ ಬೆನ್ನು

ಹೋದ ವಾರ ಜಗತ್ ಸರ್ಕಲ್ಲಿನ ಹತ್ತಿರ ಒಂದು ತಳ್ಳುಬಂಡಿಯಲ್ಲಿ ಹಳದಿ ಬಾಳೆಹಣ್ಣುಗಳ ಹಿಂದೆ ಒಂದೇ ಒಂದು ಕೆಂಪು ಚಿಪ್ಪು ಕಂಡಿತು. ಕಮಲಾಪುರದ ಬಾಳೆ. ದಪ್ಪ ಸಿಪ್ಪೆ, ದುಂಡನೆಯ ಮೈ. ಬಂಡಿಯವನು ಅದನ್ನು ಯಾರ ಕೈಗೂ ಸಿಗದಂತೆ ಹಿಂದೆ ಸರಿಸಿಟ್ಟಿದ್ದ. ನಾನು ಬಗ್ಗಿ ಮೂಸಿದೆ.

"ಮೂಸಿ ಇಡೂ ಹಣ್ಣಲ್ಲಕ್ಕಾ ಅದು. ತಗೋಳೂದಿದ್ರ ಮುಟ್ಟ್ರಿ" ಅಂದ.

ತೆಗೆದುಕೊಂಡೆ. ಮನೆ ಇರುವುದು ಶರಣಸಿರಸಗಿಯ ಹೊಸ ಲೇಔಟಿನಲ್ಲಿ. ಆದರೆ ಆಟೋದಲ್ಲಿ ಕೂತವಳು ಜೇವರ್ಗಿ ಕಾಲೋನಿಗೆ ನಡೆಯಿರಿ ಅಂದುಬಿಟ್ಟೆ. ಮಡಿಲಲ್ಲಿದ್ದ ಹಣ್ಣಿನ ವಾಸನೆ ನನ್ನನ್ನು ಕಾಕುವಿನ ಅಡುಗೆಮನೆಗೆ ಕರೆದೊಯ್ದಿತ್ತು. ಆಕೆ ಹೋಗಿ ಇನ್ನೂ ಎರಡು ವರ್ಷ ಆಗಿಲ್ಲ...

ಕಾಕು ಅಂದರೆ ಚಿಕ್ಕಮ್ಮ, ಆದರೆ ಸ್ವಂತ ಸಂಬಂಧವಲ್ಲ. ಜೇವರ್ಗಿ ಕಾಲೋನಿಯಲ್ಲಿ ನಮ್ಮ ತಂದೆಯ ಮನೆಯ ಗೋಡೆಗೆ ಗೋಡೆ ಹಚ್ಚಿಕೊಂಡ ಮನೆಯವಳು. ತವರು ಕಮಲಾಪುರ, ಅಲ್ಲಿ ಆಕೆಯ ತಮ್ಮನ ಕೆಂಪು ಬಾಳೆಯ ತೋಟವಿತ್ತು, ಹಣ್ಣಿನ ಕಾಲಕ್ಕೆ ಗೊನೆ ಬಸ್ಸಿನಲ್ಲಿ ಬರುತ್ತಿತ್ತು. ಮನೆಯೊಳಗೆ ಮರಾಠಿ, ನಮ್ಮ ಸಂಗಡ ಕನ್ನಡ, ತರಕಾರಿಯವನ ಸಂಗಡ ಉರ್ದು. ಮೂರರಲ್ಲೂ ಬೈಯಲು ಬರುತ್ತಿತ್ತು.

ದಪ್ಪಗಿದ್ದಳು. ಇದನ್ನು ಮೆತ್ತಗೆ ಮಾಡಿ ಬರೆದರೆ ಆಕೆಯೇ ಎದ್ದು ಬಂದು ನನ್ನ ಕಪಾಳಕ್ಕೆ ಕೊಟ್ಟಾಳು. ಯಾರೋ ಒಬ್ಬಳು ಒಮ್ಮೆ, "ನೀವು ಮೈಯಾಗ ಸ್ವಲ್ಪ ತುಂಬಿಕೊಂಡೀರಿ" ಅಂದಿದ್ದಕ್ಕೆ, "ತುಂಬಿಕೊಳ್ಳಾಕ ನಾ ಏನು ಜ್ವಾಳದ ಚೀಲೇನು? ದಪ್ಪ ಅದೀನಿ, ದಪ್ಪ ಅನ್ರಿ" ಅಂದಿದ್ದಳು. ಬೇರೆಯವರು ಬಾಯಿ ತೆರೆಯುವ ಮೊದಲೇ ತನ್ನನ್ನೂ ಅವರನ್ನೂ ಒಟ್ಟಿಗೇ ಹರಿದು ಹಾಕುವುದು ಆಕೆಯ ಪದ್ಧತಿ. ಎದುರಿನ ದವಾಖಾನೆಯ ಬೋಳುತಲೆಯ ಡಾಕ್ಟರು 'ತಾಮ್ರದ ಚರಿಗಿ'. ನಾನು 'ಕಡ್ಡಿ'. "ಏ ಕಡ್ಡಿ, ಅಡ್ಡ ನಿಂತಿಯೋ, ಉದ್ದ ನಿಂತಿಯೋ? ಎರಡೂ ಒಂದs ಕಾಣಸ್ತದ" ಅನ್ನುತ್ತಿದ್ದಳು. ಹದಿನೆಂಟು ವರ್ಷದ ಹುಡುಗಿಗೆ ಅದು ಎಷ್ಟು ಚುಚ್ಚುತ್ತದೆ ಅನ್ನುವುದು ಆಕೆಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಅನ್ನುತ್ತಿದ್ದಳು. ಅತ್ತುಕೊಂಡು ಮನೆಗೆ ಬಂದರೆ ಸಂಜೆಗೆ ಗೋಡೆಯ ಮೇಲಿಂದ ಬಾಳೆಹಣ್ಣಿನ ಶಿಕರಣಿ ಬರುತ್ತಿತ್ತು, ತುಪ್ಪ ಹಾಕಿದ್ದು.

ತನ್ನನ್ನೂ ಬಿಡುತ್ತಿರಲಿಲ್ಲ. "ನಾ ಕಮಲಾಪುರದ ಬಾಳಿಹಣ್ಣ ಇದ್ದಂಗ. ಬಣ್ಣ ನೋಡಿ ಮಂದಿ ಬರ್ತಾರ, ಗಾತ್ರ ನೋಡಿ ಹೊಳ್ಳಿ ಹೋಗ್ತಾರ."

ಗಂಡನಿಗೆ ಆಕೆ ಇಟ್ಟ ಹೆಸರು 'ಇಸ್ತ್ರಿ'. ಕಾಕಾ ಸರಕಾರಿ ಕಚೇರಿಯಲ್ಲಿದ್ದರು. ತೆಳ್ಳಗೆ, ನೆಟ್ಟಗೆ, ಅಂಗಿಯ ಮೇಲೆ ಒಂದು ನಿರಿಗೆ ಇಲ್ಲ, ಮುಖದ ಮೇಲೆ ಒಂದು ನಗೆ ಇಲ್ಲ. ಮಠಕ್ಕೆ ಹೋಗಲಿ, ಮದುವೆಗೆ ಹೋಗಲಿ, ಕಾಕಾ ಮುಂದೆ, ಕಾಕು ಹಿಂದೆ. ನಡುವೆ ಒಂದು ಎಮ್ಮೆ ಆರಾಮವಾಗಿ ಮಲಗುವಷ್ಟು ಜಾಗ. ಗೊತ್ತಿಲ್ಲದವರು ನೋಡಿದರೆ ಇವರಿಬ್ಬರೂ ಗಂಡಹೆಂಡತಿ ಅನ್ನುವುದು ಗೊತ್ತಾಗಬಾರದು, ಅದೇ ಅವರ ಲೆಕ್ಕ. ಕಾಕು ಏದುಸಿರು ಬಿಡುತ್ತಾ ಸೆರಗಿನ ತುದಿ ಹಿಡಿದು, ಎಡಗೈಯನ್ನು ಸೊಂಟಕ್ಕೆ ಒತ್ತಿಕೊಂಡು, ಹಡಗು ತಿರುಗಿದ ಹಾಗೆ ಓಲಾಡುತ್ತಾ ಬರುತ್ತಿದ್ದಳು. ಓಣಿಯ ಮಂದಿಗೆಲ್ಲ ಆ ನಡಿಗೆ ಬಾಯಿಪಾಠ.

"ಸಪ್ತಪದಿ ತುಳಿಯಾಗ ಮುಂದ ಹೋದವರು, ಇನ್ನೂ ನಿಂತಿಲ್ಲ ನೋಡವಾ" ಅಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಆ ದಿನಗಳಲ್ಲಿ ಆಕೆ ನಗಿಸದೆ ಬಿಟ್ಟದ್ದು ಒಂದೇ ಸಲ. ಮಗಳ ಮದುವೆಯ ಆಲ್ಬಮ್ಮು ಬಂದ ದಿನ. ಮದುವೆಯಲ್ಲಿ ಫೋಟೋದವನು, "ಅಮ್ಮಾರ, ಸ್ವಲ್ಪ ಹಿಂದ ಸರೀರಿ, ಫ್ರೇಮಿನಾಗ ಕೂಡವಲ್ಲದು" ಅನ್ನುತ್ತಲೇ ಇದ್ದ. ಕಾಕಾ ವೇದಿಕೆಯ ಮೇಲಿಂದ, "ಆಕಿನ್ನ ಬಿಡ್ರಿ, ಜಲ್ದಿ ತಗೀರಿ" ಅಂದಿದ್ದರು. ಸರಿ, ಬಿಟ್ಟಿದ್ದ. ಆಲ್ಬಮ್ಮಿನ ತುಂಬ ಕಾಕುವಿನ ಒಂದು ಭುಜ, ಹಸಿರು ಬಳೆಯ ಒಂದು ಕೈ, ಮಗಳ ತಲೆಯ ಮೇಲೆ ಅಕ್ಷತೆ ಹಾಕುವ ಬೆರಳು. ಮುಖ ಎಲ್ಲೂ ಇಲ್ಲ. ಹಾಳೆ ತಿರುವಿ ತಿರುವಿ ನೋಡಿ, "ಅವತ್ತ ನಾ ಎಲ್ಲಿ ಹೋಗಿದ್ದೆನs ಕಡ್ಡಿ?" ಅಂದಳು. ನಾನು ನಗೆಚಾಟಿಕೆ ಬರುತ್ತದೆಂದು ಕಾದೆ. ಬರಲಿಲ್ಲ. ಆಲ್ಬಮ್ಮು ಮುಚ್ಚಿಟ್ಟು, "ಒಮ್ಮೆ ಇವರು ನನ್ನ ಮಾರಿ ಬರೋಬರಿ ನೋಡಬೇಕು. ಒಮ್ಮೆ ನೋಡ್ಲಿ, ಸಾಕು" ಅಂದಳು.

ಆ ಬೇಸಿಗೆಯಲ್ಲೇ ಸಿನಿಮಾದವರು ಕಮಲಾಪುರಕ್ಕೆ ಬಂದರು. ನನ್ನ ಡಿಗ್ರಿ ಪರೀಕ್ಷೆ ಮುಗಿದಿತ್ತು, ಕಾಕುವಿನ ಸಂಗಡ ನಾನೂ ಹೋಗಿದ್ದೆ. ಆಕೆಯ ತಮ್ಮನ ತೋಟವನ್ನು ಶೂಟಿಂಗಿಗೆ ಕೊಟ್ಟಿದ್ದರು. ನಗೆಯ ಸಿನಿಮಾ. ದಪ್ಪ ಹುಡುಗಿಯೊಬ್ಬಳನ್ನು ನೋಡಿ ಊರೆಲ್ಲ ನಗುತ್ತದೆ. ಕಡೆಗೆ ಅವಳು ಕನ್ನಡಿಯ ಮುಂದೆ ಕೂತು, ನಾನು ಇರುವುದೇ ಹೀಗೆ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ಹೇಳಿ ಎದ್ದು ನಿಲ್ಲುತ್ತಾಳೆ. ಕಥೆ ಕೇಳಿ ಕಾಕು ಕಣ್ಣು ಒರೆಸಿಕೊಂಡಿದ್ದಳು.

ಅಂಥ ಕಥೆಗೆ ಇಡೀ ರಾಜ್ಯದಲ್ಲಿ ಒಬ್ಬ ದಪ್ಪ ಹುಡುಗಿ ಸಿಗಲಿಲ್ಲವಂತೆ. ಬಂದ ನಾಯಕಿ ನನಗಿಂತ ಕಡ್ಡಿ. ಅವಳ ಮೈಗೆ ಹತ್ತಿಯ ಮೆತ್ತೆಗಳನ್ನು ಸುತ್ತಿ, ಮೇಲೆ ಸೀರೆ ಉಡಿಸಿ ಬಿಸಿಲಿಗೆ ನಿಲ್ಲಿಸುತ್ತಿದ್ದರು. ನಮ್ಮ ಕಡೆಯ ಮೇ ತಿಂಗಳ ಬಿಸಿಲು. ಮೆತ್ತೆ ಇಲ್ಲದವರೇ ನೆರಳಿಗೆ ಓಡುತ್ತಾರೆ. ಎರಡನೆಯ ದಿನ ಅವಳು ಎಚ್ಚರ ತಪ್ಪಿ ಬಿದ್ದಳು. ಮೆತ್ತೆ ಬಿಚ್ಚಿ, ನೀರು ಹೊಡೆದು, ಗಾಳಿ ಬೀಸಿದರು. ಅದೇ ಹೊತ್ತಿಗೆ ಕಾಕು ರೊಟ್ಟಿಯ ಬುಟ್ಟಿ ಹಿಡಿದು ಬಾಳೆಗಿಡಗಳ ನಡುವೆ ತನ್ನ ನಡಿಗೆಯಲ್ಲಿ ಹೊರಟಿದ್ದಳು. ನಿರ್ದೇಶಕರ ಸಹಾಯಕ ಹಿಂದಿನಿಂದ ಕಂಡವನೇ ಓಡಿ ಬಂದ.

"ಅಮ್ಮಾ, ನೀವು ಸುಮ್ಮನೆ ಹೀಗೇ ನಡ್ಕೊಂಡು ಹೋಗಬೇಕು. ದೂರದ ಶಾಟ್ ಎಲ್ಲ ನೀವೇ ಮಾಡಿ. ಕ್ಯಾಮೆರಾ ಕಡೆ ಮಾತ್ರ ತಿರುಗಿ ನೋಡಬೇಡಿ."

"ಯಾಕ? ನೋಡಿದ್ರ ನಿಮ್ಮ ಡಬ್ಬಿ ಒಡೀತದೇನು?"

ನಾಯಕಿಯ ಸೀರೆಯಂಥದೇ ಇನ್ನೊಂದು ಸೀರೆ ಅವರ ಬಳಿ ಇತ್ತು, ಹಸಿರಿನ ಮೇಲೆ ದೊಡ್ಡ ದೊಡ್ಡ ಹಳದಿ ಹೂವು. ಅದನ್ನು ಉಡಿಸಿದರು. ಕಾಕು ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿ ನಕ್ಕಳು. ಮತ್ತೆ ಮಾಡಿದರು. ಮತ್ತೆ ತಿರುಗಿದಳು. ಕಡೆಗೆ ನಿರ್ದೇಶಕ ಮೈಕಿನಲ್ಲೇ, "ಆ ಮುಖ ಯಾರಿಗ್ರೀ ಬೇಕು? ತಿರುಗಬೇಡ ಅಂತ ಹೇಳ್ರಿ" ಅಂದ. ತೋಟದ ಆಚೆ ತುದಿಯವರೆಗೂ ಕೇಳಿಸಿತು. ಕಾಕುವಿನ ತಮ್ಮ ತಲೆ ತಗ್ಗಿಸಿದ. ಆಮೇಲೆ ಆಕೆ ತಿರುಗಲಿಲ್ಲ, ಗಿಡಗಳ ನಡುವೆ ಕಾಣದಾಗುವವರೆಗೂ ಹೋದಳು.

ಇಷ್ಟಾದ ಮೇಲೂ ಆಕೆ ಉಳಿದದ್ದು ಆ ಕನ್ನಡಿಯ ಸೀನಿನ ಆಸೆಗೆ, ಅದರಲ್ಲಾದರೂ ತನ್ನ ಮುಖ ಬಂದೀತು ಅಂತ. ಕಡೆಯ ದಿನ ತಮ್ಮನ ಮನೆಯ ಪಡಸಾಲೆಯಲ್ಲಿ ಕನ್ನಡಿ ಇಟ್ಟರು. ನಾಯಕಿ ಒಳಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಳು. ಸಹಾಯಕ ಕಾಕುವನ್ನು ಕರೆದು ಕನ್ನಡಿಯ ಮುಂದೆ ಕೂಡಿಸಿದ. ಹುಡುಗರು ಲೈಟುಗಳನ್ನು ಆಕೆಯ ಮುಖಕ್ಕೆ ಹಿಡಿದು ಅತ್ತ ಇತ್ತ ಸರಿಸಿದರು. ಇಷ್ಟು ಬೆಳಕು ತನ್ನ ಮುಖದ ಮೇಲೆ ಬಿದ್ದದ್ದು ಆಕೆ ಎಂದೂ ಕಂಡಿರಲಿಲ್ಲ. ಬೆಳಗ್ಗೆಯಿಂದ ನಾಯಕಿ ಉರು ಹೊಡೆಯುತ್ತಿದ್ದ ಮಾತು ನಮಗೆಲ್ಲ ಬಾಯಿಗೆ ಬಂದಿತ್ತು, ಏನೋ ಆತ್ಮವಿಶ್ವಾಸ, ಸೌಂದರ್ಯ ಅಂತ ಉದ್ದುದ್ದ. ಕಾಕು ಅದನ್ನು ಹೇಳಲಿಲ್ಲ. ಕನ್ನಡಿಯನ್ನು ನೋಡುತ್ತಾ ತನ್ನ ಮಾತು ಹೇಳಿದಳು.

"ಈ ಮೈ ನಾ ತವರಿಂದ ತಂದದ್ದು. ನಿಮ್ಮಪ್ಪನ ಮನೀ ಜ್ವಾಳ ತಿಂದು ಬೆಳಸಿದ್ದಲ್ಲ."

ಲೈಟಿನ ಹುಡುಗರು ಚಪ್ಪಾಳೆ ಹೊಡೆದರು. ನಿರ್ದೇಶಕ ಮೊಬೈಲಿನಿಂದ ತಲೆ ಎತ್ತಿ, "ಇನ್ನೊಂದ್ಸಲ ಹೇಳಿ" ಅಂದ. ಹೇಳಿದಳು. ಅವನೂ ಚಪ್ಪಾಳೆ ಹೊಡೆದ, ನಾನೂ ಹೊಡೆದೆ. ಕ್ಯಾಮೆರಾದ ಮೇಲೆ ಒದ್ದೆ ಟವೆಲ್ಲು ಹೊದಿಸಿದ್ದರು. ಅದು ನಮ್ಮಿಬ್ಬರ ಕಣ್ಣಿಗೂ ಬಿದ್ದಿತ್ತು. "ಪಾಪ, ಅದಕೂ ಬಿಸಲ ಹತ್ತ್ಯಾದ" ಅಂದಿದ್ದಳು ಕಾಕು. ಲೈಟು ಸರಿಹೊಂದಿಸಲು ಸುಮ್ಮನೆ ಯಾರನ್ನೋ ಕೂಡಿಸುತ್ತಾರೆ, ಆಗ ಕ್ಯಾಮೆರಾ ನಡೆದಿರುವುದಿಲ್ಲ ಅನ್ನುವುದು ನಮಗೇನು ಗೊತ್ತು. ಆ ಹಸಿರು ಸೀರೆಯನ್ನು ಮಡಚಿ ಕೈಗೆ ಕೊಟ್ಟು, ಆಯಿತು ಅಮ್ಮಾ ಅಂದು, ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ತನ್ನ ಸೀನು ಮುಗಿಯಿತು ಅಂತಲೇ ಆಕೆ ತಿಳಿದಳು.

ಸಿನಿಮಾ ಬರುವವರೆಗೂ ಕಾಲೋನಿಯಲ್ಲಿ ಬೇರೆ ಮಾತಿಲ್ಲ. "ನಡು ನಡುವ ಬೆನ್ನ ಬರ್ತದ. ಕಡೀ ಸೀನ್ ಮಾರಿದು, ಪೂರಾ ನಂದs" ಎಂದು ಎಲ್ಲರಿಗೂ ಹೇಳಿದಳು. ಕಾಕಾಗೆ ಮಾತ್ರ ಬೆನ್ನಿನ ಸುದ್ದಿ ಹೇಳಲಿಲ್ಲ. "ಒಂದ ಸೀನಿನಾಗ ಅದೀನಿ. ನೀವು ಬರಬೇಕು" ಅಂದಳು ಅಷ್ಟೇ. ಕಾಲೋನಿಯ ಅರ್ಧ ಮಂದಿ ಹೊರಟಾಗ ತಾನೊಬ್ಬ ಉಳಿಯುವುದು ಚೆನ್ನಾಗಿರುವುದಿಲ್ಲ ಎಂದು ಅವರೂ ಬಂದರು. ಬರುವಾಗಲೂ ಮುಂದೆ. ಹೆಂಡತಿ ಯಾವ ಸೀರೆ ಉಟ್ಟಿದ್ದಾಳೆ ಎಂದು ತಿರುಗಿ ನೋಡಲಿಲ್ಲ. ಆಕೆ ಶೂಟಿಂಗಿನ ಹಸಿರು ಸೀರೆಯನ್ನೇ ಉಟ್ಟಿದ್ದಳು.

ಥೇಟರಿನಲ್ಲಿ ಕಾಕಾ ಒಂದು ತುದಿಗೆ ಕೂತರು, ಕಾಕು ಇನ್ನೊಂದು ತುದಿಗೆ, ನಾನು ಆಕೆಯ ಪಕ್ಕ. ಕುರ್ಚಿಯ ಕೈಗಳ ನಡುವೆ ಆಕೆ ಕೂತದ್ದೇ ಹಿಂದಿನ ಸಾಲಿನವರಿಗೆ ಒಂದು ಸಿನಿಮಾ ಆಯಿತು.

ಆಮೇಲೆ ತೋಟ ಬಂತು. ಬಾಳೆಗಿಡಗಳ ನಡುವೆ, ತೆರೆಯ ತುಂಬ, ಕಾಕುವಿನ ಬೆನ್ನು. ಕ್ಯಾಮೆರಾವನ್ನು ಎಷ್ಟು ಕೆಳಗಿಟ್ಟು ತೆಗೆದಿದ್ದರೆಂದರೆ ಇಡೀ ತೆರೆಯ ಮೇಲೆ ಸೊಂಟದ ಕೆಳಗಿನದೇ ರಾಜ್ಯ. ಪ್ರತಿ ಹೆಜ್ಜೆಗೂ ಡೋಲು ಬಾರಿಸಿದ್ದರು. ಥೇಟರು ಬಿದ್ದು ಬಿದ್ದು ನಕ್ಕಿತು. ನಮ್ಮ ಸಾಲು ಮಾತ್ರ ನಗಲಿಲ್ಲ. ನಮಗೆಲ್ಲ ಆ ನಡಿಗೆ ಗೊತ್ತಿತ್ತು. ನಮ್ಮ ಸಾಲಿನಲ್ಲಿ ನಕ್ಕವರು ಒಬ್ಬರೇ. ತೊಡೆ ತಟ್ಟಿಕೊಂಡು, ಕೆಮ್ಮು ಬರುವವರೆಗೆ, ಕಾಕಾ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ಹೆಂಡತಿಯ ಬೆನ್ನು ಅವರಿಗೆ ಗುರುತು ಸಿಗಲಿಲ್ಲ. ಎಲ್ಲಿಂದ ಸಿಗಬೇಕು? ಮದುವೆಯಾದಾಗಿನಿಂದ ಮುಂದೆ ನಡೆದವರು, ಹಿಂದಿನಿಂದ ಆಕೆಯನ್ನು ಯಾವತ್ತು ನೋಡಿದ್ದರು?

ಕಾಕು ತೆರೆಯನ್ನು ನೋಡುವುದು ಬಿಟ್ಟು ಆ ತುದಿಯಲ್ಲಿ ನಗುತ್ತಿದ್ದ ಗಂಡನನ್ನೇ ನೋಡುತ್ತಿದ್ದಳು.

ಮಧ್ಯಂತರದಲ್ಲಿ ದೀಪ ಹತ್ತಿತು. ಆಕೆ ಎದ್ದು ಹೊರಗೆ ಹೋಗಲು ಮೆಟ್ಟಿಲು ಹತ್ತಿದಳು. ಹಸಿರು ಸೀರೆ, ಹಳದಿ ಹೂವು, ಸೊಂಟದ ಮೇಲೆ ಎಡಗೈ. ಯಾರೋ ಮೊದಲು ಸಿಳ್ಳೆ ಹಾಕಿದ. "ಏ, ಪಿಚ್ಚರಿನ ಬೆನ್ನ ಇಲ್ಲೇ ಅದಲೇ" ಅಂದ ಇನ್ನೊಬ್ಬ. ಆಕೆಯ ಹೆಜ್ಜೆಗೆ ತಕ್ಕಂತೆ ಬಾಯಲ್ಲೇ ಡೋಲು ಬಾರಿಸಿದರು. ಮೆಟ್ಟಿಲು ಮುಗಿಯುವವರೆಗೂ ಬಾರಿಸಿದರು. ಕಾಕಾ ಆಗ ತಿರುಗಿ ನೋಡಿದರು. ಸೀರೆಯನ್ನು ನೋಡಿದರು, ಖಾಲಿ ತೆರೆಯನ್ನು ನೋಡಿದರು.

ಆಕೆ ಮರಳಿ ಬಂದಾಗ ಅವರು ಎದ್ದು ನಿಂತಿದ್ದರು. "ಅದು ನೀ ಏನು?"

"ಹೂಂ."

"ನಾಚಿಕಿ ಬರಂಗಿಲ್ಲೇನು ನಿನಗ?"

"ನೀವು ನಗಾಕತ್ತಿದ್ರಿ. ನಿಮಗ ಬಂದಿತ್ತೇನ್ರಿ?" ಅಂದಳು ಕಾಕು. ಆಮೇಲೆ ದನಿ ಇಳಿಸಿ, "ಎದ್ದ ಹೋಗಬ್ಯಾಡ್ರಿ. ಕಡೀಕ ಮಾರಿ ಬರ್ತದ. ಇದೊಂದ ನೋಡ್ರಿ" ಅಂದಳು. ಆಕೆ ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ನನ್ನ ಜಾಗ ಬಿಟ್ಟು ಸರಿದೆ. ಕಾಕಾ ಹೆಂಡತಿಯ ಪಕ್ಕದಲ್ಲಿ ಕೂತರು.

ಕಡೆಯ ಸೀನು ಬಂತು. ಅದೇ ಪಡಸಾಲೆ, ಅದೇ ಕನ್ನಡಿ. ಕಾಕು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಳು. ಕನ್ನಡಿಯಲ್ಲಿ ನಾಯಕಿಯ ಮುಖ ಕಂಡಿತು, ಕೆನ್ನೆಗೆ ಮೇಣ ಮೆತ್ತಿದ್ದರೂ ಚಂದವಾಗಿತ್ತು. ಅವಳು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು: "ಈ ಮೈ ನಾನು ತವರಿಂದ ತಂದಿದ್ದು. ನಿಮ್ಮಪ್ಪನ ಮನೆ ಅನ್ನ ತಿಂದು ಬೆಳೆಸಿದ್ದಲ್ಲ."

ಸಿಳ್ಳೆ, ಚಪ್ಪಾಳೆ. ಮೆಟ್ಟಿಲ ಮೇಲೆ ಡೋಲು ಬಾರಿಸಿದ್ದ ಅದೇ ಹುಡುಗರು ಎದ್ದು ನಿಂತು ಚಪ್ಪಾಳೆ ಹೊಡೆದರು. ದಪ್ಪಗಿದ್ದರೇನು, ಮನಸ್ಸು ಮುಖ್ಯ ಎಂದು ನನ್ನ ಹಿಂದೆ ಕೂತ ಹೆಂಗಸು ಮೂಗು ಒರೆಸಿಕೊಂಡಳು. ನನಗೆ ಆಗ ಆ ಒದ್ದೆ ಟವೆಲ್ಲು ನೆನಪಾಯಿತು.

"ಎಲ್ಲದ ಮಾರಿ?" ಅಂದರು ಕಾಕಾ.

ಕಾಕು ಕುರ್ಚಿಯ ಕೈ ಬಿಟ್ಟಳು. ಅವರು ಎದ್ದು, ಚಪ್ಪಲಿ ಸರಿಮಾಡಿಕೊಂಡು, "ಮಾರಿ ಒಂದ ಬಿಟ್ಟು ಎಲ್ಲಾ ತೋರಿಸಿದಿ" ಎಂದು ಹೇಳಿ ನಡೆದುಬಿಟ್ಟರು. ಅವತ್ತು ಮುಂದೆ ನಡೆಯಲೂ ಇಲ್ಲ. ನಾವು ಹೊರಗೆ ಬರುವಷ್ಟರಲ್ಲಿ ಬೇರೆ ಆಟೋ ಹಿಡಿದು ಹೋಗಿದ್ದರು. ಕಾಕು ಮತ್ತು ನಾನು ಒಂದರಲ್ಲಿ ಬಂದೆವು. ದಾರಿಯಲ್ಲಿ ಆಕೆ ಹೇಳಿದ್ದು ಒಂದೇ ಮಾತು.

"ಜ್ವಾಳ ಅಂದಿದ್ದೆ. ಅನ್ನ ಮಾಡ್ಯಾರ."

ಆಮೇಲೆ ಆಕೆ ಯಾರಿಗೂ ಹೆಸರಿಡಲಿಲ್ಲ. ನನ್ನನ್ನು ಕಡ್ಡಿ ಅನ್ನುವುದನ್ನೂ ಬಿಟ್ಟಳು; ನನ್ನ ಹೆಸರು ಹಿಡಿದು ಕರೆಯತೊಡಗಿದಳು, ಹೊರಗಿನವರನ್ನು ಕರೆದ ಹಾಗೆ. ಕಾಕುವಿನ ನಾಲಿಗೆ ಸುಧಾರಿಸಿತು ಎಂದು ಕಾಲೋನಿಯ ಹೆಂಗಸರು ಖುಷಿಪಟ್ಟರು. ನನಗೆ ಮೈ ಉರಿಯುತ್ತಿತ್ತು. ಅದೊಂದೇ ಆಕೆಯ ಕೈಯಲ್ಲಿದ್ದ ಕೋಲು, ಅದನ್ನೂ ಕಸಿದುಕೊಂಡಿದ್ದರು. ಹೊರಗೆ ಹೋಗುವುದೂ ಕಡಿಮೆಯಾಯಿತು...

ಮದುವೆಯಾಗಿ ನಾನು ಶರಣಸಿರಸಗಿಗೆ ಹೋದೆ. ವರ್ಷಗಳಾದ ಮೇಲೆ ಆಕೆಗೆ ಹೊಟ್ಟೆಯ ಕಾಯಿಲೆ ಬಂತು. ತಿಂದದ್ದು ನಿಲ್ಲುತ್ತಿರಲಿಲ್ಲ. ನೋಡನೋಡುತ್ತ ಕರಗಿದಳು. ನೋಡಲು ಹೋದಾಗ ಹಾಸಿಗೆಯ ಮೇಲೆ ಯಾರೋ ಬೇರೆ ಮುದುಕಿ ಇದ್ದಳು. ಬಳೆ ಮೊಣಕೈಗೆ ಜಾರುತ್ತಿದ್ದವು. ಪಕ್ಕದಲ್ಲಿ ಕೂತ ಓಣಿಯ ಹೆಂಗಸೊಬ್ಬಳು ಎಲ್ಲರೆದುರಿಗೆ, "ಏನಾರ ಅನ್ರಿ, ಈಗ ಭಾಳ ಛಂದ ಕಾಣಾಕತ್ತೀರಿ" ಅಂದಳು. ಬಾಯಿತಪ್ಪಿ ಅಂದದ್ದಲ್ಲ, ಮೆಚ್ಚಿಯೇ ಅಂದದ್ದು.

ಕಾಕು ಕಣ್ಣು ತೆರೆದಳು. "ತಡಿಯವಾ, ಬೂದಿ ಆದಮ್ಯಾಲ ಇನ್ನೂ ಛಂದ ಆಗ್ತೀನಿ."

ನನಗೆ ಅಳು ಬರುವ ಬದಲು ಸಂತೋಷವಾಯಿತು. ಹಳೆಯ ಕಾಕು ಅಲ್ಲಿಯೇ ಎಲ್ಲೋ ಇದ್ದಳು. ನನ್ನ ಕಡೆ ಹೊರಳಿ, "ನೀ ಏನ ನಗತೀ, ಕಡ್ಡಿ. ಈಗ ನಾವಿಬ್ಬರೂ ಬರೋಬರಿ ನೋಡು" ಅಂದಳು. ಅದೇ ಆಕೆ ನನಗೆ ಆಡಿದ ಕಡೆಯ ಮಾತು.

ಹೋದ ವಾರ ಆ ಹಣ್ಣು ಹಿಡಿದು ಹೋದಾಗ ಕಾಕಾ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮಗಳು ಅಳಿಯ ಈಗ ಅದೇ ಮನೆಯಲ್ಲಿದ್ದಾರೆ. ಮಗಳು ಹಣ್ಣು ಈಸಿಕೊಂಡು ಚಹಾ ಮಾಡಲು ಒಳಗೆ ಹೋದಳು. ಕಾಕಾನ ಅಂಗಿ ಸುಕ್ಕಾಗಿತ್ತು. ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ. ಕಾಯಿಲೆಯಲ್ಲಿ, ಕಡೆಯ ತಿಂಗಳಲ್ಲಿ, ಯಾವುದೋ ಗುರುತಿನ ಚೀಟಿಗೆಂದು ತೆಗೆಸಿದ್ದು. ಗಲ್ಲ ಒಳಗೆ ಹೋದ, ಕತ್ತು ಉದ್ದವಾದ ಹೆಂಗಸು. ಮುಖ ಪೂರ್ತಿ ಬಂದಿದೆ, ಆದರೆ ಅದು ಕಾಕು ಅಲ್ಲ. ಮೊಮ್ಮಗ ಇವರು ಯಾರು ಅಂತ ಕೇಳುತ್ತಾನಂತೆ.

ಕಾಕಾ ಜೇಬಿನಿಂದ ಮೊಬೈಲು ತೆಗೆದು ನನ್ನ ಕೈಗಿಟ್ಟರು. "ಆ ಪಿಚ್ಚರ ಇದರಾಗ ಬರ್ತದಂತ. ಮಗಳಿಗೆ ಕೇಳಾಕ ಆಗವಲ್ಲದು. ತೋಟದ್ದಷ್ಟ ಹಚ್ಚಿ ಕೊಡು."

ಹುಡುಕಿದೆ. ಸಿಕ್ಕಿತು. ಡೋಲಿನ ಸದ್ದು ಬರದಂತೆ ದನಿ ಪೂರಾ ತೆಗೆದು ಅವರಿಗೆ ಕೊಟ್ಟೆ. ಬಾಳೆಗಿಡಗಳ ನಡುವೆ ಹಸಿರು ಸೀರೆಯ ಕಾಕು, ತುಂಬಿದ ಮೈಯ ಕಾಕು, ಎಡಗೈ ಸೊಂಟಕ್ಕೆ ಒತ್ತಿಕೊಂಡು ಓಲಾಡುತ್ತಾ ಹೊರಟಿದ್ದಳು. ಕಾಕಾ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಮುಗಿಯಿತು. ಮತ್ತೆ ಹಚ್ಚು ಅಂದರು. ಹಚ್ಚಿದೆ. ಮತ್ತೂ ಒಮ್ಮೆ ಅಂದರು.

ಕಡೆಗೆ ತೆರೆಯ ಮೇಲೆ ಬೆರಳಿಟ್ಟು, "ಇಷ್ಟ ದೂರ ಹೋಗ್ತಾಳ. ಒಮ್ಮೆರ ಹೊಳ್ಳಿ ನೋಡಂಗಿಲ್ಲಲ್ಲ ಇಕಿ" ಅಂದರು.

"ನೋಡಿದ್ಲು ಕಾಕಾ" ಅಂದೆ. "ಭಾಳ ಸರ್ತಿ ನೋಡಿದ್ಲು. ಆ ಮಾರಿ ಯಾರಿಗೂ ಬ್ಯಾಡ ಅಂದ್ರು."

ಒಳಗಿನಿಂದ ಕೆಂಪು ಬಾಳೆಯ ವಾಸನೆ ಬರುತ್ತಿತ್ತು, ಮಗಳು ಸಿಪ್ಪೆ ಸುಲಿಯುತ್ತಿದ್ದಳೆಂದು ಕಾಣುತ್ತದೆ. ಕಾಕಾ ಮೊಬೈಲನ್ನು ನನ್ನ ಕಡೆ ಚಾಚಿ, ಇನ್ನೊಮ್ಮೆ ಹಚ್ಚು ಅಂದರು. ನಾನು ಹಚ್ಚಿ ಕೊಟ್ಟು ಎದ್ದು ಬಂದೆ.